ಗೀಟಿಗೆ ಬೆಲೆ ಕೊಡದ ಕ್ರಿಯಾಪದ ಆ್ಯಪ್: 5ಕ್ಕೆ 3 ಸ್ಟಾರ್

3 ತಿಂಗಳಿಂದ ದಿನಾ ರಾತ್ರಿ 15 ನಿಮಿಷ ಈ ಸ್ಪ್ಯಾನಿಷ್ ಆ್ಯಪ್ ಜೊತೆ ಕೂರುತ್ತಿದ್ದೇನೆ. ಕ್ರಿಯಾಪದದ ರೂಪಗಳನ್ನು ಉರು ಹೊಡೆಸುವುದೇ ಇದರ ಕೆಲಸ. ನಾನು ಹಿಡಿದದ್ದು 'ಅಬ್ಲಾರ್', ಅಂದರೆ ಮಾತಾಡು. ನಿಯಮ ತಪ್ಪದ ಸಾಧು ಪದ.

ಪಾಠದ ಕ್ರಮ ನನಗೆ ತುಂಬಾ ಹಿಡಿಸಿತು. ವರ್ತಮಾನ ಆದ ಕೂಡಲೇ ಭವಿಷ್ಯತ್ತಿಗೆ ಹೋಗುತ್ತದೆ. ಅಲ್ಲಿ ಪದದ ಬಾಲ ಕತ್ತರಿಸುವ ಗೋಜಿಲ್ಲ. ಅಬ್ಲಾರ್, ಕೊಮೇರ್ (ತಿನ್ನು), ಬಿಬೀರ್ (ಬದುಕು), ಮೂರಕ್ಕೂ ಒಂದೇ ಪ್ರತ್ಯಯ ಅಂಟುತ್ತದೆ: ಅಬ್ಲರೇ, ಕೊಮೆರೇ, ಬಿಬಿರೇ. ಇನ್ನು 'ನಾನು', 'ನೀನು' ಬಿಟ್ಟು ಮಾತಾಡುವುದು ನಮಗೇನೂ ಹೊಸದಲ್ಲ. 'ಮಾತಾಡುತ್ತೇನೆ' ಅಂದರೆ ಯಾರು ಅಂತ ಗೊತ್ತಾಗುತ್ತೆ, ಅಲ್ವಾ? 'ಆಬ್ಲೊ' ಕೂಡ ಹಾಗೇ. ಎಲ್ಲರೂ ಹೆದರಿಸುವ ಸಬ್‌ಜಂಕ್ಟಿವ್, ಅಂದರೆ ಆಸೆ, ಅನುಮಾನ ಹೇಳುವ ಕ್ರಿಯಾರೂಪ ಕೂಡ, 'ಒಹಲಾ ಆಬ್ಲೆ' ಅಂದಾಗ ನಮ್ಮ 'ಮಾತಾಡಲಿ' ಥರಾನೇ ಕೇಳಿಸಿತು.

ಸಿಟ್ಟು ಬಂದಿದ್ದು ಬೇರೆ ಕಡೆ. ಸ್ವರದ ಮೇಲೆ ಗೀಟು ಹಾಕದಿದ್ದರೂ ಆ್ಯಪ್ ಹಸಿರು ಟಿಕ್ ಕೊಡುತ್ತದೆ! ಆ ಗೀಟು ಸುಮ್ನೆ ಅಲಂಕಾರಕ್ಕಲ್ಲ, ಪದವನ್ನು ಎಲ್ಲಿ ಒತ್ತಿ ಹೇಳಬೇಕು ಅಂತ ತೋರಿಸುತ್ತದೆ. ಒತ್ತು ಮೊದಲಲ್ಲಿದ್ದರೆ 'ಆಬ್ಲೊ', ನಾನು ಮಾತಾಡುತ್ತೇನೆ. ಕೊನೆಯಲ್ಲಿದ್ದರೆ 'ಅಬ್ಲೋ', ಅವಳು ಮಾತಾಡಿದಳು. 'ಅಬ್ಲಾರ' ಮತ್ತು 'ಅಬ್ಲರಾ' ನಡುವೆಯೂ ಇದೇ ಕಥೆ. ಒಂದು 'ಮಾತಾಡಿದ್ದರೆ' ಅನ್ನುವ ಕಡೆ ಬರುವ ರೂಪ, ಇನ್ನೊಂದು 'ಮಾತಾಡುತ್ತಾಳೆ, ನಾಳೆ'. ನಿನ್ನೆ ಅಕ್ಕ ಡಾಕ್ಟರ ಹತ್ತಿರ ಮಾತಾಡಿದಳು ಅಂತ ಹೇಳಲು ಹೋಗಿ ನಾನು 'ಆಬ್ಲೊ' ಅಂದೆ. ಅಭ್ಯಾಸದ ಗೆಳೆಯ ಕೇಳಿದ, "ಯಾರು, ನೀನಾ?"

ಗೀಟು ಕಡ್ಡಾಯ ಮಾಡುವ ಸ್ವಿಚ್ ಇದೆ. ಸೆಟ್ಟಿಂಗ್ಸ್‌ನ ಕಟ್ಟಕಡೆಯಲ್ಲಿ ಅಡಗಿದೆ. ಎರಡನೇ ತಿಂಗಳಲ್ಲಿ ಅದು ಕಣ್ಣಿಗೆ ಬಿತ್ತು. ಆನ್ ಮಾಡಿದೆ, 92 ಇದ್ದ ಅಂಕ 61ಕ್ಕೆ ಇಳಿಯಿತು. ಅಷ್ಟು ದಿನ ನನ್ನನ್ನು ಸುಳ್ಳೇ ಹೊಗಳಿದ್ದು ಅಂತಾಯ್ತು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, ಹೊಸಬರಿಗೆ ಬೇಜಾರಾಗಬಾರದು ಅಂತ ಹೀಗೆ ಮಾಡಿದ್ದೇವೆ ಎಂದು ಆ್ಯಪ್‌ನವರ ಉತ್ತರ ಬಂತು. ನನಗಂತೂ ಆಮೇಲೇ ಜಾಸ್ತಿ ಬೇಜಾರಾಯಿತು.

ಸಣ್ಣ ತಕರಾರು ಒಂದಿದೆ. ಸ್ಪೇನಿನವರ 'ಬೊಸೋತ್ರೊಸ್' (ನೀವೆಲ್ಲ) ಸಾಲು ಬೇಡವಾದರೆ ಮುಚ್ಚಬಹುದು, ಸರಿ. ಆದರೆ ಅರ್ಜೆಂಟೀನಾದವರ 'ಬೋಸ್ ಅಬ್ಲಾಸ್' (ನೀನು ಮಾತಾಡುತ್ತೀಯ) ಇಲ್ಲವೇ ಇಲ್ಲ. ನನ್ನ ಗೆಳೆಯ ಅಲ್ಲಿಯವನೇ.