ಕಾಲ್ಬೆರಳಿನ ಆಫ್‌ಸೈಡ್: ವಿಎಆರ್ ಗೆರೆಯನ್ನು ಎಷ್ಟು ನಂಬಬಹುದು?

ನಿದ್ದೆಗೆಟ್ಟು ಯುರೋಪಿನ ಪಂದ್ಯ ನೋಡುವ ಬೆಂಗಳೂರಿಗರಿಗೆ ಈ ದೃಶ್ಯ ಹೊಸದಲ್ಲ. ಗೋಲು ಬಿದ್ದಿದೆ, ಕುಣಿದಾಟ ಮುಗಿದಿದೆ, ರೆಫರಿ ಮಾತ್ರ ಕಿವಿಗೆ ಬೆರಳಿಟ್ಟುಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡವರ ಹಾಗೆ ನಿಂತಿದ್ದಾರೆ. ಆಮೇಲೆ ಪರದೆಯ ಮೇಲೆ ಎರಡು ಗೆರೆ ಬಂದು, ಯಾರದೋ ಹೆಬ್ಬೆರಳು ಆಚೆಗಿದೆ ಎಂದು ಗೋಲು ರದ್ದಾಗುತ್ತದೆ. ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದುವ ಸಹಾಯಕ ರೆಫರಿಯ ಈ ಸೇವೆ ಕೊಟ್ಟ ಕಾಸಿಗೆ ತಕ್ಕದ್ದೇ? ಆಫ್‌ಸೈಡ್ (ಪಾಸ್ ಕೊಟ್ಟ ಕ್ಷಣದಲ್ಲಿ ದಾಳಿಕೋರ ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರವಿರುವುದು) ಮಟ್ಟಿಗೆ ನಮ್ಮ ಉತ್ತರ: ಚೆಂಡಿನೊಳಗೆ ಸೆನ್ಸರ್ ಇದ್ದರೆ ಧಾರಾಳವಾಗಿ ಹೌದು, ಇಲ್ಲದಿದ್ದರೆ ಅರ್ಧಂಬರ್ಧ ಹೌದು, ಕೈಯಿಂದ ಗೆರೆ ಎಳೆಯುವ ಹಳೇ ಪದ್ಧತಿಯಾದರೆ ಬೇಡ.

ಯಾಕೆಂದರೆ ವಿಎಆರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಮಾರಾಟವಾಗುತ್ತಿದೆ. 2018ರಲ್ಲಿ ನಿಯಮಪುಸ್ತಕ ಸೇರಿ, ಅದೇ ವರ್ಷ ರಷ್ಯಾ ವಿಶ್ವಕಪ್‌ನಲ್ಲಿ ಬಳಕೆಗೆ ಬಂದಾಗ ಅದರ ವ್ಯಾಪ್ತಿ ನಾಲ್ಕೇ ವಿಷಯ: ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಕಾರ್ಡ್ ತಪ್ಪು ಆಟಗಾರನಿಗೆ ಹೋಗಿದ್ದರೆ ಅದರ ತಿದ್ದುಪಡಿ. ಪೆನಾಲ್ಟಿಯಂಥ ತೀರ್ಪುಗಳಿಗೆ 'ಎದ್ದು ಕಾಣುವ ತಪ್ಪು' ಇರಬೇಕೆಂಬ ಷರತ್ತಿದೆ. ಆಟಗಾರ ಆಫ್‌ಸೈಡ್ ಜಾಗದಲ್ಲಿದ್ದನೇ ಎಂಬುದಕ್ಕೆ ಆ ಷರತ್ತಿಲ್ಲ. ಅದು ಅಳತೆ, ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಳೆಯುವ ಸಾಧನದ ಗುಣಮಟ್ಟವೇ ಇಲ್ಲಿ ಎಲ್ಲವೂ.

ಹಳೇ ಪದ್ಧತಿಯಲ್ಲಿ ಕೆಲಸ ಹೀಗೆ ನಡೆಯುತ್ತದೆ. ರಿಪ್ಲೇ ಆಪರೇಟರ್ ಮೊದಲು ಪಾಸ್ ಕೊಟ್ಟ ಕ್ಷಣದ ಫ್ರೇಮ್ ಹುಡುಕಬೇಕು. ಚೆಂಡಿಗೆ ಕಾಲು ಮೊದಲು ತಾಗಿದ ಕ್ಷಣ ಅದು, ಚೆಂಡು ಕಾಲು ಬಿಟ್ಟ ಕ್ಷಣ ಅಲ್ಲ. ಆಮೇಲೆ ಡಿಫೆಂಡರ್‌ನ ದೇಹದಲ್ಲಿ ಗೋಲಿಗೆ ಅತಿ ಹತ್ತಿರದ ಭಾಗದ ಮೇಲೆ ಗುರುತು, ಅಲ್ಲಿಂದ ನೆಲಕ್ಕೆ ಲಂಬರೇಖೆ, ನೆಲದಲ್ಲಿ ಗೋಲ್‌ಲೈನಿಗೆ ಸಮಾನಾಂತರ ಗೆರೆ. ಸ್ಟ್ರೈಕರ್‌ಗೂ ಅದೇ. ಕೈ ಲೆಕ್ಕಕ್ಕಿಲ್ಲ, ಕಂಕುಳ ತಳದ ಮಟ್ಟದಿಂದ ಮೇಲಿನ ಭುಜ ಲೆಕ್ಕಕ್ಕಿದೆ. ಇಬ್ಬರೂ ಸಮನಾಗಿದ್ದರೆ ಆಫ್‌ಸೈಡ್ ಅಲ್ಲ. ಜರ್ಸಿ ತೋಳಿನ ಮಡಿಕೆಯೊಳಗೆ ಕಂಕುಳು ಎಲ್ಲಿ ಮುಗಿಯುತ್ತದೆ ಎಂದು ಟಿವಿ ಚಿತ್ರ ನೋಡಿ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಸುಕಾದ ಚಿತ್ರದಲ್ಲಿ ಒಂದೆರಡು ಪಿಕ್ಸೆಲ್ ಆಚೀಚೆಯಾದರೆ ತೀರ್ಪೇ ಮಗುಚಬಹುದು.

ನಿಜವಾದ ತೊಡಕು ಗೆರೆಯಲ್ಲಿಲ್ಲ, ಫ್ರೇಮ್‌ನಲ್ಲಿದೆ. ಸಾಮಾನ್ಯ ಪ್ರಸಾರ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿಯುತ್ತದೆ, ಅಂದರೆ ಎರಡು ಚಿತ್ರಗಳ ನಡುವೆ 20 ಮಿಲಿಸೆಕೆಂಡ್. ಸ್ಟ್ರೈಕರ್ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ನುಗ್ಗುತ್ತಿದ್ದಾನೆ, ಡಿಫೆಂಡರ್ ಆಫ್‌ಸೈಡ್ ಬಲೆಗಾಗಿ 4 ಮೀಟರ್ ವೇಗದಲ್ಲಿ ಎದುರು ದಿಕ್ಕಿಗೆ ಹೆಜ್ಜೆ ಹಾಕುತ್ತಿದ್ದಾನೆ ಎಂದುಕೊಳ್ಳಿ. ಆ 20 ಮಿಲಿಸೆಕೆಂಡಿನಲ್ಲಿ ಅವರಿಬ್ಬರ ನಡುವಿನ ಲೆಕ್ಕ 24 ಸೆಂ.ಮೀ. ಬದಲಾಗುತ್ತದೆ. ಅತಿ ಹತ್ತಿರದ ಫ್ರೇಮ್ ಆರಿಸಿದರೂ 12 ಸೆಂ.ಮೀ. ತನಕ ತಪ್ಪಲು ಅವಕಾಶವಿದೆ. ಇಷ್ಟು ಸಡಿಲ ಅಳತೆಯ ಮೇಲೆ ಹೆಬ್ಬೆರಳಿನ ಆಫ್‌ಸೈಡ್ ಸಾರುವುದು ದುಡುಕು. 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಕವೆಂಟ್ರಿ ಹೆಚ್ಚುವರಿ ಸಮಯದ ಕೊನೆಯಲ್ಲಿ ಹೊಡೆದ ಗೋಲು ಇಂಥದ್ದೇ ಗೆರೆಗೆ ಬಲಿಯಾಯಿತು. ಆ ತೀರ್ಪು ತಪ್ಪು ಎನ್ನುತ್ತಿಲ್ಲ. ಸರಿ ಎಂದು ಎದೆ ತಟ್ಟಿ ಹೇಳಲು ಆ ಉಪಕರಣಕ್ಕೆ ತಾಕತ್ತಿರಲಿಲ್ಲ, ಅಷ್ಟೇ.

2022ರ ಕತಾರ್ ವಿಶ್ವಕಪ್‌ನಲ್ಲಿ ಬಂದ ಸೆಮಿ ಆಟೊಮೇಟೆಡ್ ವ್ಯವಸ್ಥೆ ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿತು. ಕ್ರೀಡಾಂಗಣದ ಚಾವಣಿಯಡಿ 12 ಕ್ಯಾಮೆರಾ, ಪ್ರತಿ ಆಟಗಾರನ ಮೈಮೇಲೆ 29 ಬಿಂದುಗಳ ಗುರುತು, ಸೆಕೆಂಡಿಗೆ 50 ಸಲ. ಅಸಲಿ ಆಟ ಚೆಂಡಿನೊಳಗಿತ್ತು: ನಟ್ಟನಡುವೆ ಕೂತ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಒದ್ದ ಕ್ಷಣದ ಅನಿಶ್ಚಿತತೆ 20ರಿಂದ 2 ಮಿಲಿಸೆಕೆಂಡಿಗೆ ಇಳಿದರೆ ಮೇಲಿನ 24 ಸೆಂ.ಮೀ. ಎರಡೂವರೆಯ ಒಳಗೆ ಬರುತ್ತದೆ. ಕೈಕಾಲಿನ ಬಿಂದುಗಳು ಮಾತ್ರ 50ರ ಲೆಕ್ಕದಲ್ಲೇ ಇರುವುದರಿಂದ ಎರಡು ಓದಿನ ನಡುವಿನ ಜಾಗವನ್ನು ಗಣಿತದಿಂದ ತುಂಬಬೇಕು. ಅಂದರೆ ಪರದೆಯ ಮೇಲಿನ ನುಣುಪಾದ 3ಡಿ ಬೊಂಬೆಗಳನ್ನು ಫೋಟೊ ಎಂದುಕೊಳ್ಳಬೇಡಿ, ಅದು ಲೆಕ್ಕ ಹಾಕಿ ಬಿಡಿಸಿದ ಚಿತ್ರ. ಇಷ್ಟಾದರೂ ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವೆಲೆನ್ಸಿಯಾ ಗೋಲನ್ನು ರದ್ದು ಮಾಡಿ, ಬರಿಗಣ್ಣಿಗೆ ಯಾರಿಗೂ ಹೊಳೆಯದ ಕಾರಣವನ್ನು ಅದು ತೋರಿಸಿತು.

'ಸೆಮಿ' ಯಾಕೆ ಎಂದರೆ, ಯಂತ್ರ ಎಚ್ಚರಿಕೆ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಒದ್ದ ಕ್ಷಣ ಸರಿಯೇ, ಗೆರೆ ಸರಿಯಾದ ಡಿಫೆಂಡರ್ ಮೇಲಿದೆಯೇ ಎಂದು ವಿಡಿಯೊ ಕೋಣೆಯವರು ನೋಡಿ ಒಪ್ಪಬೇಕು. ಚೆಂಡು ಮುಟ್ಟದ ಆಟಗಾರ ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡ ಬಂದನೇ ಎಂಬಂಥ ಪ್ರಶ್ನೆಗೆ ರೆಫರಿಯೇ ಮಾನಿಟರ್ ಹತ್ತಿರ ಹೋಗಬೇಕು.

ಪ್ರೀಮಿಯರ್ ಲೀಗ್ ಇದನ್ನು ತಂದದ್ದು ತಡವಾಗಿ, 2025ರ ಏಪ್ರಿಲ್ 12ರಂದು. ಅಲ್ಲಿನ ಚೆಂಡಿನಲ್ಲಿ ಸೆನ್ಸರ್ ಇಲ್ಲ. ಬದಲಿಗೆ ಸೆಕೆಂಡಿಗೆ 100 ಫ್ರೇಮ್ ಹಿಡಿಯುವ ಕ್ಯಾಮೆರಾಗಳನ್ನು ನೆಚ್ಚಿಕೊಂಡಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು 6 ಸೆಂ.ಮೀ. ತನಕದ ತಪ್ಪು. ಆ ಲೀಗ್ ದಾಳಿಕೋರನಿಗೆ ಕೊಡುವ ಸುಮಾರು 5 ಸೆಂ.ಮೀ. ರಿಯಾಯಿತಿ ಇದಕ್ಕೆ ಹತ್ತಿರ ಹತ್ತಿರ ಹೊಂದುತ್ತದೆ. ರಿಯಾಯಿತಿ ಇಡುವುದೇ ಪ್ರಾಮಾಣಿಕ ದಾರಿ ಎಂಬುದು ನಮ್ಮ ನಿಲುವು. ಅಳತೆಗೋಲು ಎಷ್ಟು ತಪ್ಪಬಹುದೋ ಅಷ್ಟನ್ನು ಗೋಲು ಹೊಡೆದವನಿಗೆ ಬಿಟ್ಟುಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೈಕೊಡುವುದು ಎಲ್ಲಿ? ಗೋಲಿನ ಮುಂದೆ ಹತ್ತು ಹದಿನೈದು ಜನ ಒತ್ತಿಕೊಂಡು ನಿಂತಾಗ. ಒಬ್ಬನ ಕಾಲು ಇನ್ನೊಬ್ಬನ ಹಿಂದೆ ಮರೆಯಾದರೆ ಕ್ಯಾಮೆರಾಗೆ ಬಿಂದು ಸಿಗುವುದಿಲ್ಲ. 2025ರ ಮಾರ್ಚ್ 1ರಂದು ಎಫ್‌ಎ ಕಪ್‌ನಲ್ಲಿ ವುಲ್ವ್ಸ್ ವಿರುದ್ಧ ಬೋರ್ನ್‌ಮತ್ ಹೊಡೆದ ಗೋಲನ್ನು ಮೊದಲು ಹ್ಯಾಂಡ್‌ಬಾಲ್‌ಗೆ, ಆಮೇಲೆ ಆಫ್‌ಸೈಡ್‌ಗೆ ಪರೀಕ್ಷಿಸಿದರು. ಹೊಸ ವ್ಯವಸ್ಥೆ ಆ ಗುಂಪಿನಲ್ಲಿ ಕೈಚೆಲ್ಲಿ, ಕೊನೆಗೆ ಹಳೇ ಗೆರೆಗೇ ಮರಳಬೇಕಾಯಿತು. ಹೆಚ್ಚುಕಡಿಮೆ ಎಂಟು ನಿಮಿಷ! ಗೋಲೂ ಹೋಯಿತು.

ಇನ್ನೊಂದು ಕಡೆ, ಅಳತೆ ಸರಿಯಾಗಿಯೇ ಇದ್ದು ಮಾತು ತಪ್ಪಿದ ಪ್ರಸಂಗವೂ ಇದೆ. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್. ಲೂಯಿಸ್ ಡಿಯಾಸ್ ಆಫ್‌ಸೈಡ್ ಅಲ್ಲ ಎಂದು ವಿಡಿಯೊ ಕೋಣೆ ಸರಿಯಾಗಿಯೇ ಕಂಡುಕೊಂಡಿತು. ಆದರೆ ಮೈದಾನದ ತೀರ್ಪು 'ಗೋಲು' ಎಂದೇ ಭಾವಿಸಿ 'ಪರಿಶೀಲನೆ ಮುಗಿಯಿತು' ಎಂದುಬಿಟ್ಟರು. ಮೈದಾನದಲ್ಲಿ ಇದ್ದದ್ದು ಆಫ್‌ಸೈಡ್ ಧ್ವಜ. ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗಲು ನಿಯಮ ಬಿಡುವುದಿಲ್ಲ. ಎಂಥ ಸೆನ್ಸರ್ ಹಾಕಿದರೂ ಈ ರೋಗಕ್ಕೆ ಮದ್ದಲ್ಲ. ಮೈದಾನದ ತೀರ್ಪನ್ನೂ ಬದಲಾದ ತೀರ್ಪನ್ನೂ ಎರಡೂ ಕಡೆಯವರು ಬಾಯಿಬಿಟ್ಟು ಹೇಳುವ ಶಿಸ್ತು ಬೇಕು.

ಕ್ರಿಕೆಟ್ ನೋಡಿ ಬೆಳೆದವರಿಗೆ ಯುರೋ 2024ರ ಜರ್ಮನಿ–ಡೆನ್ಮಾರ್ಕ್ ಪಂದ್ಯ ಒಳ್ಳೇ ಪಾಠ. ಡೆಲೇನಿಯ ಕಾಲ್ಬೆರಳು ಆಚೆಗಿತ್ತೆಂದು ಡೆನ್ಮಾರ್ಕ್ ಗೋಲು ರದ್ದು. ಸ್ವಲ್ಪ ಹೊತ್ತಿಗೇ, ಆ ಗೋಲು ಹೊಡೆದಿದ್ದ ಆಂಡರ್ಸನ್‌ನ ಕೈಗೆ ಚೆಂಡು ತಾಗಿದ್ದು ಸೆನ್ಸರ್ ಗ್ರಾಫಿನಲ್ಲಿ ಥೇಟ್ ಸ್ನಿಕೋ ಏರಿಳಿತದಂತೆ ಕಂಡು ಜರ್ಮನಿಗೆ ಪೆನಾಲ್ಟಿ. ಡೆನ್ಮಾರ್ಕ್‌ಗೆ ಹೊಟ್ಟೆಯುರಿ ಸಹಜ, ಆದರೆ ಸಾಕ್ಷ್ಯ ಎಲ್ಲರ ಕಣ್ಣೆದುರಿಗಿತ್ತು.

ಈಗ ಕಂಠೀರವಕ್ಕೆ ಬರೋಣ. 2023ರ ಮಾರ್ಚ್ 3ರಂದು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿ ಆಟಗಾರರು ಗೋಡೆಯಂತೆ ಸಾಲುಗಟ್ಟುವ ಮುನ್ನವೇ ಫ್ರೀ ಕಿಕ್ ಹೊಡೆದು ಗೋಲು ಮಾಡಿ, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದ ದಿನದಿಂದ 'ವಿಎಆರ್ ಇದ್ದಿದ್ದರೆ' ಎನ್ನುವವರು ಬಹಳ. ಇದ್ದಿದ್ದರೂ ಆ ಜಗಳ ಬಗೆಹರಿಯುತ್ತಿರಲಿಲ್ಲ. ಫ್ರೀ ಕಿಕ್ ಬೇಗ ಹೊಡೆಯಲು ಬಿಟ್ಟದ್ದು ರೆಫರಿಯ ವಿವೇಚನೆ, ಆಟ ಶುರುಮಾಡಿದ ರೀತಿ ಆ ನಾಲ್ಕು ವಿಷಯಗಳಲ್ಲಿ ಬರುವುದೇ ಇಲ್ಲ.

ನಮ್ಮ ಮೈದಾನಗಳಿಗೆ ಡಜನ್‌ಗಟ್ಟಲೆ ಕ್ಯಾಮೆರಾದ ವ್ಯವಸ್ಥೆ ಸದ್ಯಕ್ಕೆ ದುಬಾರಿ ಆಸೆ. ಕಂಠೀರವದಲ್ಲಂತೂ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಗ್ಯಾಲರಿಯೇ ಆಟದಿಂದ ದೂರ. ಫಿಫಾ 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಪ್ರಯೋಗಿಸಿದ ಫುಟ್‌ಬಾಲ್ ವಿಡಿಯೊ ಸಪೋರ್ಟ್ ನಮಗೆ ಹೊಂದುವ ಸರಕು. ಪ್ರತಿ ತಂಡದ ಕೋಚ್‌ಗೆ ಎರಡು ಮನವಿ, ಗೆದ್ದರೆ ಮನವಿ ಉಳಿಯುತ್ತದೆ, ಹೆಚ್ಚುಕಡಿಮೆ ಡಿಆರ್‌ಎಸ್ ಲೆಕ್ಕ. ಕೋಚ್ ಕಾರ್ಡನ್ನು ನಾಲ್ಕನೇ ಅಧಿಕಾರಿಗೆ ಕೊಟ್ಟರೆ, ರೆಫರಿಯೇ ಅಂಚಿನ ಮಾನಿಟರ್‌ನಲ್ಲಿ ನೋಡಿ ತೀರ್ಮಾನಿಸುತ್ತಾರೆ. ಬೇರೆ ವಿಡಿಯೊ ಕೋಣೆ ಬೇಡ, ಇರುವ ನಾಲ್ಕಾರು ಕ್ಯಾಮೆರಾ ಸಾಕು. ಹೆಬ್ಬೆರಳಿನ ಆಫ್‌ಸೈಡ್ ಇದರಲ್ಲಿ ಸಿಗುವುದಿಲ್ಲ, ಅದನ್ನು ಲೈನ್ಸ್‌ಮನ್ ಧ್ವಜಕ್ಕೇ ಬಿಡಬೇಕು. ಒಂದು ಮೀಟರ್ ಆಚೆಗಿದ್ದದ್ದು, ಕೈಯಿಂದ ತಳ್ಳಿದ ಗೋಲು, ಪೆನಾಲ್ಟಿ ಗೆರೆಯ ಹೊರಗೆ ಬಿದ್ದವನಿಗೆ ಸಿಕ್ಕ ಪೆನಾಲ್ಟಿ, ಇವು ಸಿಗುತ್ತವೆ. ಇದರ ಜತೆ ರೆಫರಿಗೊಂದು ಮೈಕ್ ಕೊಟ್ಟು, 2023ರ ಮಹಿಳಾ ವಿಶ್ವಕಪ್‌ನಲ್ಲಿ ಮಾಡಿದಂತೆ ತೀರ್ಪನ್ನು ಸ್ಟೇಡಿಯಂಗೆಲ್ಲ ಕೇಳುವಂತೆ ಹೇಳಿಸಬೇಕು. ಟಿಕೆಟ್ ಕೊಂಡು ವೆಸ್ಟ್ ಬ್ಲಾಕ್‌ನಲ್ಲಿ ನಿಂತವರಿಗೆ ಗೋಲು ಯಾಕೆ ಹೋಯಿತೆಂದು ಮನೆಯಲ್ಲಿ ಟಿವಿ ನೋಡುತ್ತಿರುವ ಗೆಳೆಯ ವಾಟ್ಸ್ಆ್ಯಪ್‌ನಲ್ಲಿ ತಿಳಿಸುವಂತಾಗಬಾರದು.