ಮಲೆನಾಡಿನ ಮಳೆಗಾಲಕ್ಕೆ ಎಬೊನೈಟ್ ಇಂಕ್ ಪೆನ್ನು ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಪೆನ್ನಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ಕಾಗದಕ್ಕೂ ಇಂಕಿಗೂ ಎತ್ತಿಡಿ. ಇಲ್ಲದಿದ್ದರೆ ಎಂಥ ಪೆನ್ನು ತಂದರೂ ನಮ್ಮ ಕಡೆ ಜುಲೈ ತಿಂಗಳಲ್ಲಿ ಅದು ಕೆಟ್ಟ ಪೆನ್ನೇ.

ನಾನು ಹೇಳುತ್ತಿರುವುದು ತಿರುವಳ್ಳೂರಿನ ರಂಗಾದವರ ಪೆನ್ನಿನ ಬಗ್ಗೆ. ಚೆನ್ನೈಗೆ ಹತ್ತಿರದ ಊರು ಅದು. ಎಬೊನೈಟ್ ಕಡ್ಡಿಯನ್ನು ಲೇತಿಗೆ ಹಾಕಿ, ಒಂದೊಂದನ್ನೇ ಕೈಯಾರೆ ಕಡೆದು ಮಾಡುತ್ತಾರೆ. ನನ್ನದು ಕಪ್ಪು ಹಸಿರು ಅಲೆಅಲೆಯಾಗಿ ಬೆರೆತ ಬಣ್ಣ, ಹೊಳಪಿಲ್ಲದ ಮ್ಯಾಟ್ ಮೈ, ಐಡ್ರಾಪರ್ ಮಾದರಿ. ಅಂದರೆ ಒಳಗೆ ಟ್ಯೂಬ್ ಇಲ್ಲ, ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕನ್ವರ್ಟರ್ ಇಲ್ಲ, ಏನೂ ಇಲ್ಲ. ಮುಂದಿನ ಭಾಗ ತಿರುಗಿಸಿ ಬಿಚ್ಚುವುದು, ಫಿಲ್ಲರ್‌ನಲ್ಲಿ ಇಂಕು ಬಿಡುವುದು, ಮತ್ತೆ ಬಿಗಿಯುವುದು. ಶಾಲೆಯಲ್ಲಿ ಬೆಂಚಿನ ಮೇಲೆ ಇಂಕು ಚೆಲ್ಲಿಕೊಂಡು ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎಬೊನೈಟ್ ಅಂದರೆ ರಬ್ಬರೇ. ರಬ್ಬರಿಗೆ ಜಾಸ್ತಿ ಗಂಧಕ ಸೇರಿಸಿ ಕಾಯಿಸಿದರೆ ಮರದಷ್ಟು ಗಟ್ಟಿಯಾಗುತ್ತದೆ. ಹೊಸ ಪೆನ್ನಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದರೆ ಗಂಧಕದ ವಾಸನೆ ಬರುತ್ತದೆ. ಕೆಲವರಿಗೆ ಆಗುವುದಿಲ್ಲ, ನನಗೆ ಇಷ್ಟ. ಬರೆಯುತ್ತಾ ಹೋದ ಹಾಗೆ ವಾಸನೆ ಕಡಿಮೆಯಾಗುತ್ತದೆ. ಇದರ ದೊಡ್ಡ ಗುಣ ಅಂದರೆ ಕೈಗೆ ತಣ್ಣಗೆ ಹತ್ತುವುದಿಲ್ಲ. ಬೆಳಗ್ಗೆ ಆರು ಗಂಟೆಗೆ, ಹೊರಗೆ ಜಡಿಮಳೆ ಹಿಡಿದಿರುವಾಗ, ಲೋಹದ ಪೆನ್ನು ಮುಟ್ಟಿದರೆ ಬೆರಳು ಹಿಂದೆ ಬರುತ್ತದೆ. ಪೈಲಟ್ ಮೆಟ್ರೊಪಾಲಿಟನ್ ಒಳ್ಳೆಯ ಪೆನ್ನು, ಆದರೆ ಹಿತ್ತಾಳೆ ಮೈ. ಎಬೊನೈಟ್ ಹಾಗಲ್ಲ. ಬೆವರಿದ ಕೈಗೂ ಅಷ್ಟಾಗಿ ಜಾರುವುದಿಲ್ಲ.

ಈ ಸಾಮಾನಿಗೆ ದಕ್ಷಿಣದಲ್ಲಿ ಒಳ್ಳೆಯ ಹಳೆಯ ಪರಂಪರೆಯೇ ಇದೆ. ರಾಜಮಹೇಂದ್ರಿಯ ರತ್ನಂ ಪೆನ್ನು ಶುರುವಾಗಿದ್ದು 1932ರಲ್ಲಿ, ಸ್ವದೇಶಿ ಗಾಳಿ ಬೀಸುತ್ತಿದ್ದ ಕಾಲ. 1935ರಲ್ಲಿ ಗಾಂಧೀಜಿ ಆ ಪೆನ್ನನ್ನು ಮೆಚ್ಚಿ ಪತ್ರ ಬರೆದಿದ್ದರು. ಅದೇ ಊರಿನಲ್ಲಿ ಗೈಡರ್ ಅಂತ ಇನ್ನೊಂದಿದೆ, ಹೈದರಾಬಾದಿನಲ್ಲಿ ಡೆಕ್ಕನ್ ಇದೆ. ಪೆನ್ನು ಕೂಡಿಸುವ ಹುಚ್ಚು ಹಿಡಿದವರು ಜರ್ಮನಿ, ಜಪಾನ್ ಅಂತ ಶುರುಮಾಡಿ ಕಡೆಗೆ ಇಲ್ಲಿಗೇ ಬರುವುದನ್ನು ನೋಡಿದ್ದೇನೆ.

ಈಗ ಕಾಗದದ ವಿಷಯ. ಇದನ್ನು ಯಾವ ವಿಡಿಯೊ ರಿವ್ಯೂದಲ್ಲೂ ಹೇಳುವುದಿಲ್ಲ, ಯಾಕೆಂದರೆ ಅವರ್ಯಾರೂ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಕೂತು ಬರೆಯುವುದಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷ ಮುಗಿಯುವ ತನಕ ನೋಟ್‌ಬುಕ್ ಮುಟ್ಟಿದರೆ ಥಂಡಿ. ಹಾಳೆ ತಿರುವಿದರೆ ಸದ್ದೇ ಬರುವುದಿಲ್ಲ. ಇಂಕು ಹರಡದಿರಲಿ ಅಂತ ಮಿಲ್ಲಿನಲ್ಲಿ ಕಾಗದಕ್ಕೆ ಗಂಜಿಯನ್ನೋ ರಾಳವನ್ನೋ ಹಾಕಿರುತ್ತಾರೆ, ನಿಜ. ಆದರೆ ನಾರು ಗಾಳಿಯ ತೇವವನ್ನೆಲ್ಲ ಹೀರಿ ಉಬ್ಬಿದ ಮೇಲೆ ಆ ಗಂಜಿ ಎಷ್ಟು ಅಂತ ತಡೆಯುತ್ತದೆ? ಬೇಸಿಗೆಯಲ್ಲಿ ಚೆನ್ನಾಗಿ ಬರೆಯುತ್ತಿದ್ದ ಅದೇ ಪುಸ್ತಕ, ಅದೇ ಪೆನ್ನು, ಅದೇ ಇಂಕು. ಜುಲೈನಲ್ಲಿ ನೋಡಿದರೆ ಅಕ್ಷರದ ಅಂಚೆಲ್ಲ ಬೇರು ಬಿಟ್ಟಿರುತ್ತದೆ, ಹಿಂದಿನ ಪುಟಕ್ಕೂ ಇಳಿದಿರುತ್ತದೆ. ಜನ ಪೆನ್ನನ್ನು ಬೈಯುತ್ತಾರೆ.

ಹಾಗಾಗಿ 60 ಜಿಎಸ್‌ಎಂ ನೋಟ್‌ಬುಕ್ ಮಳೆಗಾಲಕ್ಕೆ ಬೇಡವೇ ಬೇಡ. (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ.) 100 ಜಿಎಸ್‌ಎಂ ಬಾಂಡ್ ಪೇಪರ್ ಒಂದು ರೀಮ್ ತಂದು ಬೈಂಡಿಂಗ್ ಮಾಡಿಸಿಕೊಂಡರೆ ರೆಡಿಮೇಡ್ ದುಬಾರಿ ಪುಸ್ತಕಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ದಪ್ಪ ಒಂದೇ ನೋಡಿದರೆ ಸಾಲದು, ಮೈ ನುಣುಪಾಗಿರಬೇಕು. ಅಂಗಡಿಯಲ್ಲೇ ಒಂದು ಹಾಳೆ ಕೇಳಿ ನಿಮ್ಮ ಪೆನ್ನಿನಲ್ಲಿ ಬರೆದು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಬರೆಯದಿದ್ದಾಗ ಪುಸ್ತಕವನ್ನು ಗಾಳಿ ಆಡದ ಡಬ್ಬದಲ್ಲಿ ಇಟ್ಟು, ಶೂ ಬಾಕ್ಸಿನಲ್ಲಿ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ. ಪೊಟ್ಟಣ ತೇವ ಕುಡಿದು ಸಾಕಾದರೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಅತ್ತಿಗೆ ಇದನ್ನು ನೋಡಿ, "ಹಪ್ಪಳದ ಡಬ್ಬಕ್ಕೂ ಎರಡು ಹಾಕು ಮಾರಾಯ" ಅಂದರು. ಹಾಕಿದೆ.

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ನಮ್ಮ ಜಿಲ್ಲೆಯದ್ದೇ, 1936ರದ್ದು. ಈಗ ಕೆಲಸ ನಿಂತಿದೆ. ಕಾಗದ ಮಾಡುತ್ತಿದ್ದ ಜಿಲ್ಲೆಯಲ್ಲಿ ಕೂತು ಒಳ್ಳೆಯ ಕಾಗದ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ತಿರುಗುವುದು. ಇರಲಿ.

ಇಂಕು. ಎಬೊನೈಟ್ ಪೆನ್ನಿನಲ್ಲಿ ನಿಬ್ಬಿನ ಕೆಳಗಿರುವ ನಾಲಗೆಯೂ ಸಾಮಾನ್ಯವಾಗಿ ಎಬೊನೈಟಿನದ್ದೇ ಇರುತ್ತದೆ, ನಿಬ್ಬಿಗೆ ಧಾರಾಳವಾಗಿ ಇಂಕು ಕೊಡುತ್ತದೆ. ಒಣ ಹವೆಯಲ್ಲಿ ಅದು ಸುಖ. ಇಲ್ಲಿ ಅದಕ್ಕೆ ಸ್ವಲ್ಪ ಕಡಿವಾಣ ಬೇಕು. ಆದ್ದರಿಂದ ನೀರುನೀರಾಗಿ ಹರಿಯುವ ಇಂಕು ಬಿಟ್ಟು, ಬಿಗಿಯಾಗಿ ಇಳಿಯುವ ಇಂಕು ಹಾಕಿ. ನನಗೆ ಸರಿಹೋಗಿದ್ದು ಪೆಲಿಕನ್ 4001 ಬ್ಲೂ ಬ್ಲ್ಯಾಕ್. ಅದರಲ್ಲಿ ಕಬ್ಬಿಣದ ಅಂಶ ಇದೆ. ಬರೆದಾಗ ನೀಲಿ, ಗಾಳಿ ತಾಗಿದ ಮೇಲೆ ನಿಧಾನಕ್ಕೆ ಕಪ್ಪು. ಮಳೆಹನಿ ಬಿದ್ದರೂ ಅಕ್ಷರ ಪೂರ್ತಿ ಹೋಗುವುದಿಲ್ಲ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ತಿರುಗುತ್ತದಲ್ಲ, ಇದೂ ಅದೇ ಜಾತಿಯ ಆಟ. ಟ್ಯಾನಿನ್ನು, ಕಬ್ಬಿಣ ಎರಡೂ ಸೇರಿದರೆ ಕಪ್ಪು. ಹಾಗಂತ ಚೊಗರನ್ನು ಸೋಸಿ ಪೆನ್ನಿಗೆ ಹಾಕಿಬಿಡಬೇಡಿ ಮತ್ತೆ! ಈ ತರಹದ ಇಂಕು ಹಾಕಿದರೆ ಪೆನ್ನನ್ನು ಆಗಾಗ ತಣ್ಣೀರಿನಲ್ಲಿ ತೊಳೆಯಲೇಬೇಕು, ಒಳಗೇ ಒಣಗಲು ಬಿಡಬಾರದು. ಸ್ಟೀಲ್ ನಿಬ್ಬನ್ನು ಅದು ನಿಧಾನಕ್ಕೆ ತಿನ್ನುತ್ತದೆ.

ಸಾದಾ ರಾಯಲ್ ಬ್ಲೂ ಚೆಂದವೇ, ಬಟ್ಟೆಗೆ ಬಿದ್ದರೆ ತೊಳೆದುಹೋಗುತ್ತದೆ, ಮಕ್ಕಳಿಗೆ ಒಳ್ಳೆಯದು. ಆದರೆ ಅದೇ ಗುಣಕ್ಕೆ ಒದ್ದೆ ಕೈ ತಾಗಿದರೂ ಸಾಕು, ಸಾಲು ಮಾಯ. ಕೋಲ್ಕತ್ತಾದ ಸುಲೇಖಾ ಇಂಕು ಮತ್ತೆ ಮಾರುಕಟ್ಟೆಗೆ ಬಂದಿದೆ. ಕೇರಳದ ಕೃಷ್ಣ ಇಂಕಿನಲ್ಲಿ ಬಣ್ಣಗಳು ಬಹಳ. ಬೇಸಿಗೆಯಲ್ಲಿ ಆಡಿಕೊಳ್ಳಲು ಅವೆಲ್ಲ ಚೆನ್ನ. ಡ್ರಾಯಿಂಗ್‌ಗೆ ಅಂತ ಸಿಗುವ ವಾಟರ್‌ಪ್ರೂಫ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅದರಲ್ಲಿ ಅರಗು ಇರುತ್ತದೆ, ಒಣಗಿತೆಂದರೆ ನಾಲಗೆ ಕಟ್ಟಿ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಲಾಭ ಹೇಳಲು ಮರೆಯಬಾರದು. ಕನ್ವರ್ಟರ್ ಪೆನ್ನಿಗೆ ಇಂಕು ಎಳೆಯಲು ನಿಬ್ಬನ್ನೇ ಬಾಟಲಿಯಲ್ಲಿ ಮುಳುಗಿಸಬೇಕು. ಕಾಗದದ ಧೂಳು, ಕೈಯ ಜಿಡ್ಡು ಎಲ್ಲ ಬಾಟಲಿಗೆ ಹೋಗುತ್ತದೆ. ನಮ್ಮ ಹವೆಯಲ್ಲಿ ಬೂಷ್ಟು ಬರಲು ಅಷ್ಟೇ ನೆಪ ಸಾಕು. ಐಡ್ರಾಪರ್‌ಗೆ ಶುದ್ಧವಾದ ಫಿಲ್ಲರ್ ಮಾತ್ರ ಬಾಟಲಿಗೆ ಇಳಿಯುತ್ತದೆ. ಇಂಕು ಹಿಡಿಯುವುದೂ ಜಾಸ್ತಿ. ಕನ್ವರ್ಟರಿನಲ್ಲಿ ಒಂದು ಎಂಎಲ್ ಕೂಡ ಕಷ್ಟ. ಇದರಲ್ಲಿ ಅದರ ಎರಡು ಮೂರು ಪಟ್ಟು ಸುಲಭವಾಗಿ ಹಿಡಿಯುತ್ತದೆ.

ನಿಬ್ಬಿನ ವಿಷಯದಲ್ಲಿ ನಾನು ಹಟವಾದಿ. ಕನ್ನಡ ಬರೆಯುವವರಿಗೆ ಫೈನ್ ನಿಬ್ಬೇ ಸರಿ. ನಮ್ಮ ಅಕ್ಷರಗಳೆಲ್ಲ ಗುಂಡು, ಕೆಳಗೆ ಒತ್ತಕ್ಷರ ಬೇರೆ. ಮೀಡಿಯಂ ನಿಬ್ಬಿನಲ್ಲಿ 'ಜ್ಞ' ಅಂತಲೋ 'ತ್ಸ್ಯ' ಅಂತಲೋ ಬರೆದು ನೋಡಿ, ಹೊಟ್ಟೆಯೆಲ್ಲ ಇಂಕಿನಲ್ಲಿ ತುಂಬಿ ಬರೀ ಚುಕ್ಕೆ ಉಳಿಯುತ್ತದೆ. ಅದೂ ತೇವದ ಕಾಗದದಲ್ಲಿ ಫೈನ್ ಬರೆದದ್ದು ಮೀಡಿಯಂ ಆಗುತ್ತದೆ, ಮೀಡಿಯಂ ಬರೆದದ್ದು ಬ್ರಾಡ್. ಜಪಾನಿನ ಫೈನ್ ಜರ್ಮನಿಯ ಫೈನ್‌ಗಿಂತ ತೆಳ್ಳಗೆ ಅನ್ನುವುದೂ ಗೊತ್ತಿರಲಿ. ರಂಗಾದವರು ಜರ್ಮನಿಯ ನಿಬ್ಬು ಹಾಕಿಸಿಕೊಳ್ಳುವ ಅವಕಾಶ ಕೊಡುತ್ತಾರೆ. ದುಡ್ಡು ಜಾಸ್ತಿ, ಆದರೆ ನನ್ನ ಪ್ರಕಾರ ಹೊಳೆಯುವ ಪಾಲಿಶಿಗೆ ಹಾಕುವ ದುಡ್ಡನ್ನು ನಿಬ್ಬಿಗೆ ಹಾಕುವುದೇ ವಾಸಿ.

ಇನ್ನು ಐಡ್ರಾಪರಿನ ಕಿರಿಕಿರಿ, ಇಂಕು ಕಕ್ಕುವುದು. ಯಾವ ಕಂಪನಿಯ ಐಡ್ರಾಪರ್ ಆದರೂ ಇದೇ ಕಥೆ. ಇಂಕು ಮೂರನೇ ಒಂದು ಭಾಗಕ್ಕೆ ಇಳಿಯಿತು ಅಂದರೆ ಉಳಿದದ್ದೆಲ್ಲ ಗಾಳಿ. ಕೈಯ ಕಾವಿಗೆ ಆ ಗಾಳಿ ಹಿಗ್ಗುತ್ತದೆ, ಇಂಕನ್ನು ಕೆಳಗೆ ದೂಡುತ್ತದೆ, ನಿಬ್ಬಿನ ತುದಿಯಿಂದ ದಪ್ಪ ಹನಿಯೊಂದು ಕಾಗದಕ್ಕೆ ಬೀಳುತ್ತದೆ. ಎಬೊನೈಟ್ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ, ಹಾಗಾಗಿ ಲೋಹಕ್ಕಿಂತ ಪರವಾಗಿಲ್ಲ. ಆದರೂ ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ತುಂಬಿಸಿಕೊಳ್ಳುವುದು ಒಳ್ಳೆಯದು. ಮುಂದಿನ ಭಾಗ ಬಿಗಿಯುವ ತಿರುಪಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ. ಗ್ಯಾರೇಜಿನ ಗ್ರೀಸ್ ಅಲ್ಲ, ವ್ಯಾಸಲೀನೂ ಅಲ್ಲ.

ಘಾಟಿ ಹತ್ತುವವರಿಗೆ ಬೇರೆ ಮಾತು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು, ಮೇಲೆ ಬಂದಾಗ ಸಮುದ್ರಮಟ್ಟದಿಂದ 600 ಮೀಟರ್‌ಗೂ ಜಾಸ್ತಿ ಎತ್ತರ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಪೆನ್ನಿನ ಒಳಗಿನ ಗಾಳಿ ಹಿಗ್ಗುತ್ತದೆ. ಅರ್ಧ ಖಾಲಿ ಪೆನ್ನನ್ನು ಬ್ಯಾಗಿನಲ್ಲಿ ಅಡ್ಡ ಹಾಕಿ ಉಡುಪಿಯಿಂದ ಬಂದರೆ ಮುಚ್ಚಳದ ಒಳಗೆ ಇಂಕು ಕಾಣುತ್ತದೆ. ಪೂರ್ತಿ ತುಂಬಿಸಿ, ನಿಬ್ಬು ಮೇಲೆ ಮಾಡಿ ಜೇಬಿನಲ್ಲಿ ಸಿಕ್ಕಿಸಿ. ಏನೂ ಆಗುವುದಿಲ್ಲ.

ಈ ತಾಪತ್ರಯವೆಲ್ಲ ಯಾರಿಗೆ ಬೇಕು ಅನ್ನುವವರೂ ಇದ್ದಾರೆ, ತಪ್ಪೇನಿಲ್ಲ. ಅವರಿಗೆ ಲಾಮಿ ಸಫಾರಿ ಇದೆ. 1980ರಿಂದ ಹೆಚ್ಚುಕಮ್ಮಿ ಅದೇ ಆಕಾರ, ಬಿದ್ದರೂ ತಡೆಯುವ ಪ್ಲಾಸ್ಟಿಕ್, ನಿಬ್ಬು ಹಾಳಾದರೆ ಎಳೆದು ಹೊಸದು ಹಾಕಬಹುದು. ಬೆರಳು ಇಡುವ ಜಾಗದ ತ್ರಿಕೋನ ಎಲ್ಲರ ಕೈಗೂ ಹೊಂದುವುದಿಲ್ಲ, ಹಿಡಿದು ನೋಡದೆ ತಗೊಳ್ಳಬೇಡಿ. ಇನ್ನೂ ಕಡಿಮೆಗೆ ಬೇಕಾದರೆ ಪ್ಲಾಟಿನಂ ಪ್ರೆಪಿ. ಮುಚ್ಚಳದ ಒಳಗೆ ಇನ್ನೊಂದು ಮುಚ್ಚಳ ಇರುವುದರಿಂದ ಇಂಕು ಒಂದು ವರ್ಷ ಒಣಗುವುದಿಲ್ಲ ಅಂತ ಕಂಪನಿಯವರೇ ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಆ ಚಿಂತೆಯೇ ಇಲ್ಲ ಬಿಡಿ, ಗಾಳಿಯೇ ಒದ್ದೆ. ಬಂದ್ ಆಗಿದ್ದ ಪೆನ್ನು ಕೂಡ ಮೊದಲ ಅಕ್ಷರಕ್ಕೇ ಬರೆಯುತ್ತದೆ. ಆ ಮುಚ್ಚಳ ಕೆಲಸಕ್ಕೆ ಬರುವುದು ಶಿವಮೊಗ್ಗ ಪೇಟೆಯ ಮಾರ್ಚ್, ಏಪ್ರಿಲ್ ಬಿಸಿಲಿಗೆ.

ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ "ಸಾರ್, ಪೆನ್ ಸ್ವಲ್ಪ ಕೊಡಿ" ಅಂತ ಕೇಳುವವರಿಗೆ ಕೊಡಲು ಒಂದು ಬಾಲ್ ಪೆನ್ನು ಬೇರೆ ಇರಲಿ. ಒತ್ತಿ ಬರೆದು ನಿಬ್ಬಿನ ಎರಡು ಹಲ್ಲನ್ನು ಅಗಲಿಸಿ ವಾಪಸ್ ಕೊಡುತ್ತಾರೆ. ಏನೂ ಅನ್ನಲೂ ಆಗುವುದಿಲ್ಲ.

ಆರ್ಡರ್ ಕೊಡುವಾಗ ಫೈನ್ ನಿಬ್ಬು ಅಂತ ಸ್ಪಷ್ಟವಾಗಿ ಹೇಳಿ, ಕ್ಲಿಪ್ ಬೇಕೋ ಬೇಡವೋ ಹೇಳಿ. ಮೇಜಿನ ಮೇಲೆ ಇಡುವವರಿಗೆ ಕ್ಲಿಪ್ ಬೇಕು, ಇಲ್ಲದಿದ್ದರೆ ಉರುಳಿ ನೆಲಕ್ಕೆ ಬೀಳುತ್ತದೆ. ಪೂರ್ತಿ ಕಪ್ಪು ಎಬೊನೈಟ್ ಬಿಸಿಲಿಗೆ ಬಿದ್ದರೆ ಬರುಬರುತ್ತಾ ಕಂದಾಗುತ್ತದೆ, ಕಿಟಕಿ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೇಡ. ಬಿಸಿನೀರಿನಲ್ಲೂ ತೊಳೆಯಬೇಡಿ. ಇಂಕಿನ ಬಾಟಲಿಗಳನ್ನು ಮಳೆ ಶುರುವಾಗುವ ಮೊದಲೇ ತರಿಸಿಕೊಳ್ಳಿ, ಒದ್ದೆಯಾದ ರಟ್ಟಿನ ಡಬ್ಬ ನಮ್ಮೂರು ಮುಟ್ಟುವಷ್ಟರಲ್ಲಿ ಬಾಯಿ ಬಿಟ್ಟಿರುತ್ತದೆ. ಕೈಯಲ್ಲಿ ಮಾಡುವ ಪೆನ್ನು ಆದ್ದರಿಂದ ಕಾಯಬೇಕಾಗಬಹುದು. ಮುಂದಿನ ಮಳೆಗಾಲಕ್ಕೆ ಬೇಕು ಅಂದರೆ ಬೇಸಿಗೆಯಲ್ಲೇ ಹೇಳಿಬಿಡಿ.