ಬಿಲ್ಲಿಂಗ್ ತಂತ್ರಾಂಶ ಕಂಪನಿಗೆ ಜಿರಾ: ಸಪೋರ್ಟ್ ಡೆಸ್ಕಿನಿಂದ ರಿಲೀಸ್‌ವರೆಗೆ

ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ತಂತ್ರಾಂಶ ಮಾಡುವ ಕಂಪನಿಯಲ್ಲಿ ಕೆಲಸದ ಬಿಸಿ ಏರುವುದು, ಇಳಿಯುವುದು ಈ ಎರಡು ತಾರೀಕುಗಳ ಸುತ್ತ. 9, 10ನೇ ತಾರೀಕಿನಲ್ಲಿ ಸಪೋರ್ಟ್ ಡೆಸ್ಕಿನವರಿಗೆ ಫೋನ್ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಎಚ್‌ಎಸ್‌ಎನ್ (ಸರಕಿನ ವರ್ಗದ ಸಂಕೇತಸಂಖ್ಯೆ) ಸಾರಾಂಶ ಬಿಲ್ಲುಗಳ ಮೊತ್ತಕ್ಕೆ ತಾಳೆಯಾಗುತ್ತಿಲ್ಲ, ರಿಟರ್ನಿನ ಮಾಹಿತಿಯಿರುವ ಜೇಸನ್ ಫೈಲನ್ನು ಜಿಎಸ್‌ಟಿ ಪೋರ್ಟಲ್ ತೆಗೆದುಕೊಳ್ಳುತ್ತಿಲ್ಲ, ಕ್ರೆಡಿಟ್ ನೋಟ್ ತಪ್ಪು ಕೋಷ್ಟಕಕ್ಕೆ ಬೀಳುತ್ತಿದೆ ಎಂದು ಒಂದರ ಹಿಂದೊಂದು ದೂರು. ಅದೇ ಹೊತ್ತಿಗೆ ಡೆವಲಪರ್‌ಗಳು ಮುಂದಿನ ರಿಲೀಸಿನ ಸ್ಪ್ರಿಂಟಿನಲ್ಲಿ, ಅಂದರೆ ಒಂದೆರಡು ವಾರಕ್ಕೆ ಗೊತ್ತುಮಾಡಿದ ಕೆಲಸದ ಸುತ್ತಿನಲ್ಲಿ, ತಲೆ ತಗ್ಗಿಸಿ ಕೂತಿರುತ್ತಾರೆ. ದೂರು ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ ಒಂದು ವಾಟ್ಸಾಪ್ ಗುಂಪು, ಎರಡು ಎಕ್ಸೆಲ್ ಶೀಟು, ಒಬ್ಬರ ನೆನಪು ಇಷ್ಟನ್ನು ದಾಟಬೇಕಾಗುತ್ತದೆ. ಎಲ್ಲೋ ಒಂದು ಕಡೆ ಬಿದ್ದುಹೋಗುತ್ತದೆ.

ಹಾಗೆ ಬಿದ್ದುಹೋಗದಂತೆ ಹಿಡಿಯಲು ಜಿರಾ ಒಳ್ಳೆಯ ಉಪಕರಣ. ಯಾವ ಕೆಲಸ, ಯಾವ ದೂರು ಯಾರ ಬಳಿ ಯಾವ ಹಂತದಲ್ಲಿದೆ ಎಂದು ಲೆಕ್ಕವಿಡುವ ತಂತ್ರಾಂಶ ಅದು. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಬಳಸಿದರೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಮೂವತ್ತರಿಂದ ಎಂಬತ್ತು ಜನರಿರುವ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ಲೌಡ್ ಆವೃತ್ತಿಯ ಬಗ್ಗೆ ಈ ವಿಮರ್ಶೆ.

ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಇದನ್ನು 2002ರಿಂದ ಮಾಡುತ್ತಿದೆ. ಗಾಡ್ಜಿಲ್ಲಾದ ಜಪಾನಿ ಹೆಸರು 'ಗೊಜಿರಾ' ಎಂಬುದರ ಬಾಲವೇ ಜಿರಾ. ಅದಕ್ಕೂ ಮುಂಚೆ ಅವರು ಬಗ್‌ಗಳ, ಅಂದರೆ ತಂತ್ರಾಂಶದ ದೋಷಗಳ, ಲೆಕ್ಕವಿಡಲು ಬಳಸುತ್ತಿದ್ದದ್ದು ಬಗ್‌ಜಿಲ್ಲಾ. ಮೊದಲು ಜಿರಾ ಸಾಫ್ಟ್‌ವೇರ್, ಜಿರಾ ವರ್ಕ್ ಮ್ಯಾನೇಜ್‌ಮೆಂಟ್ ಎಂದು ಎರಡಿದ್ದವು, 2024ರಲ್ಲಿ ಒಂದಾಗಿ ಬರೀ 'ಜಿರಾ' ಆದವು. ಗ್ರಾಹಕರ ದೂರಿಗೆ ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ಎಂಬ ಇನ್ನೊಂದು ಉತ್ಪನ್ನವಿದೆ, ಅದರ ಬಿಲ್ಲೇ ಬೇರೆ. ಸ್ವಂತ ಸರ್ವರಿನಲ್ಲಿ ಹಾಕಿಕೊಳ್ಳುವ ಆಲೋಚನೆಯಿದ್ದರೆ ಕೈಬಿಡಿ. ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರವರಿ 15ಕ್ಕೆ ಮುಗಿದಿದೆ, ಸ್ವಂತ ಸರ್ವರಿನಲ್ಲೇ ಓಡುವ ಇನ್ನೊಂದಾದ ಡೇಟಾ ಸೆಂಟರ್ ಆವೃತ್ತಿಗೂ 2029ರ ಮಾರ್ಚ್ 28 ಕೊನೆಯೆಂದು ಘೋಷಣೆಯಾಗಿದೆ.

ದುಡ್ಡು ಉಳಿಯುವ ಮೊದಲ ಸಂಗತಿ ಇಲ್ಲೇ ಇದೆ. ಸರ್ವಿಸ್ ಮ್ಯಾನೇಜ್‌ಮೆಂಟಿನಲ್ಲಿ ಗ್ರಾಹಕನಿಗೆ ಉತ್ತರ ಬರೆಯುವವರಿಗೆ ಮಾತ್ರ ಏಜೆಂಟ್ ಲೈಸೆನ್ಸ್ ಬೇಕು. ದೂರು ಸಲ್ಲಿಸುವ ಗ್ರಾಹಕರು ಸಾವಿರ ಜನರಿದ್ದರೂ ಹಣವಿಲ್ಲ. ಜಿರಾ ಲೈಸೆನ್ಸ್ ಇರುವ ಡೆವಲಪರ್ ಏಜೆಂಟ್ ಆಗದೆಯೇ ಟಿಕೆಟ್ (ದಾಖಲಾದ ಒಂದು ದೂರು) ತೆರೆದು ನೋಡಬಹುದು, ಒಳಗಿನ ಟಿಪ್ಪಣಿ ಬರೆಯಬಹುದು. ಗ್ರಾಹಕನಿಗೆ ನೇರ ಉತ್ತರ ಕೊಡಲು ಮಾತ್ರ ಬರುವುದಿಲ್ಲ. ಅದು ಹಾಗಿರುವುದೇ ಒಳ್ಳೆಯದು. ಐವತ್ತು ಜನರ ಕಂಪನಿಯಲ್ಲಿ ಎಂಟು ಹತ್ತು ಏಜೆಂಟರು ಸಾಕು, ಉಳಿದವರಿಗೆ ಜಿರಾ ಅಷ್ಟೇ ಇರಲಿ. ಎರಡನ್ನೂ ಒಂದೇ ಸೈಟಿನಲ್ಲಿ, ಅಂದರೆ ಅಟ್ಲಾಸಿಯನ್ ನಿಮ್ಮ ಕಂಪನಿಗೆ ಕೊಡುವ ಒಂದೇ ಜಾಲವಿಳಾಸದಡಿ, ಇಡಿ. ಬೇರೆ ಬೇರೆ ಸೈಟ್ ಮಾಡಿದರೆ ದೂರನ್ನೂ ಬಗ್ಗನ್ನೂ ಜೋಡಿಸುವುದು ಕಷ್ಟ, ಆ ಜೋಡಣೆ ಇಲ್ಲದಿದ್ದರೆ ಜಿರಾ ಕೊಳ್ಳುವ ಅಗತ್ಯವೇ ಇಲ್ಲ.

ಉಚಿತ ಪ್ಲಾನ್ ಜಿರಾದಲ್ಲಿ 10 ಜನರಿಗೆ, ಸರ್ವಿಸ್ ಮ್ಯಾನೇಜ್‌ಮೆಂಟಿನಲ್ಲಿ 3 ಏಜೆಂಟರಿಗೆ. ರುಚಿ ನೋಡಲು ಸರಿ, ನಿಜವಾದ ಕೆಲಸಕ್ಕೆ ಆಗದು. ಯಾರು ಏನು ಅಳಿಸಬಹುದು, ಯಾರು ಏನು ನೋಡಬಹುದು ಎಂಬ ಅನುಮತಿಗಳನ್ನು ಅದರಲ್ಲಿ ಬದಲಿಸಲು ಬಿಡುವುದಿಲ್ಲ.

ದೂರಿನ ಫಾರಂ ವಿಚಾರಕ್ಕೆ ಬರೋಣ. ಗ್ರಾಹಕ ನೋಡುವ ಪೋರ್ಟಲ್‌ನಲ್ಲಿ ಐದು ಕಲಮುಗಳಿಗಿಂತ ಹೆಚ್ಚು ಇಡಬೇಡಿ: ತಂತ್ರಾಂಶದ ಆವೃತ್ತಿ ಸಂಖ್ಯೆ, ಯಾವ ಮೆನುವಿನಲ್ಲಿ ತೊಂದರೆ, ಪರದೆಯಲ್ಲಿ ಬಂದ ಸಂದೇಶ ಇದ್ದ ಹಾಗೆ, ಸ್ಕ್ರೀನ್‌ಶಾಟ್, ಮತ್ತು 'ಈಗ ಬಿಲ್ ಹಾಕಲು ಆಗುತ್ತಿದೆಯೇ?' ಎಂಬ ಪ್ರಶ್ನೆ. ಕೊನೆಯದು ಬಹಳ ಮುಖ್ಯ. 'ಪ್ರಯಾರಿಟಿ' ಎಂಬ ಕಲಮನ್ನು ಗ್ರಾಹಕನಿಗೆ ತೋರಿಸಿದರೆ ಪ್ರತಿ ದೂರೂ 'ಅತಿ ತುರ್ತು' ಆಗಿಯೇ ಬರುತ್ತದೆ. ಬಿಲ್ ಆಗುತ್ತಿಲ್ಲ ಎಂದರೆ ಅತಿ ತುರ್ತು, ರಿಟರ್ನ್ ಫೈಲ್ ಆಗುತ್ತಿಲ್ಲ ಎಂದರೆ ತುರ್ತು, ವರದಿಯ ಅಕ್ಷರ ಸಣ್ಣದಾಗಿದೆ ಎಂದರೆ ಮಾಮೂಲು. ಉತ್ತರ ನೋಡಿ ಆಟೋಮೇಷನ್ ನಿಯಮವೇ ('ಹೀಗಾದರೆ ಹಾಗೆ ಮಾಡು' ಎಂದು ಜಿರಾಕ್ಕೆ ಮೊದಲೇ ಹೇಳಿಟ್ಟದ್ದು) ಹೀಗೆ ದರ್ಜೆ ಹಾಕಲಿ. ಜಿರಾದ ಮೆನುಗಳು ಕನ್ನಡದಲ್ಲಿ ಸಿಗುವುದಿಲ್ಲ. ಆದರೆ ಪೋರ್ಟಲಿನ ದೂರಿನ ವಿಧಗಳ ಹೆಸರು, ಕಲಮಿನ ಕೆಳಗಿನ ವಿವರಣೆ ಇವನ್ನು ನೀವೇ ಕನ್ನಡದಲ್ಲಿ ಬರೆದಿಡಬಹುದು. ದಾವಣಗೆರೆಯ ದಲಾಲಿ ಅಂಗಡಿಯ ಗುಮಾಸ್ತರಿಗೆ 'ಬಿಲ್ ಪ್ರಿಂಟ್ ಬರುತ್ತಿಲ್ಲ' ಎಂಬ ಗುಂಡಿ ಕಂಡರೆ ಫೋನ್ ಮಾಡುವ ಬದಲು ಅದನ್ನೇ ಒತ್ತುತ್ತಾರೆ.

ಗ್ರಾಹಕರು ಇಡೀ ಡೇಟಾ ಬ್ಯಾಕಪ್ಪನ್ನೇ ಟಿಕೆಟಿಗೆ ಅಂಟಿಸಿ ಕಳಿಸುವ ರೂಢಿಯೂ ಇದೆ. ಪಾನ್ ಸಂಖ್ಯೆ, ಬ್ಯಾಂಕ್ ಖಾತೆ, ಅವರ ಗಿರಾಕಿಗಳ ಬಾಕಿ ಎಲ್ಲ ಅದರಲ್ಲಿರುತ್ತದೆ, ಟಿಕೆಟ್ ನೋಡುವ ಅನುಮತಿ ಇರುವವರೆಲ್ಲರ ಕಣ್ಣಿಗೂ ಬೀಳುತ್ತದೆ. ಡೇಟಾ ತರಿಸಿಕೊಳ್ಳಲು ಬೇರೆ ದಾರಿ ಇಡಿ, ಕೆಲಸ ಮುಗಿದ ಮೇಲೆ ಅಳಿಸಿ.

ಇನ್ನು ಎಲ್ಲಕ್ಕಿಂತ ದುಬಾರಿ ತಪ್ಪು. ಏಜೆಂಟ್ ಬರೆಯುವ ಪೆಟ್ಟಿಗೆಯ ಮೇಲೆ ಎರಡು ಆಯ್ಕೆಗಳು ಅಕ್ಕಪಕ್ಕ ಇವೆ: ಒಂದು ಒಳಗಿನ ಟಿಪ್ಪಣಿ, ಇನ್ನೊಂದು ಗ್ರಾಹಕನಿಗೆ ಉತ್ತರ. 'ಈ ಪಾರ್ಟಿ ಎಎಂಸಿ (ವಾರ್ಷಿಕ ನಿರ್ವಹಣಾ ಶುಲ್ಕ) ಕಟ್ಟಿಲ್ಲ, ನಿಧಾನಕ್ಕೆ ನೋಡಿ' ಎಂದು ಸಹೋದ್ಯೋಗಿಗೆ ಬರೆದದ್ದು ಗ್ರಾಹಕನ ಮೇಲ್‌ಗೆ ಹೋದರೆ ಟಿಪ್ಪಣಿ ಅಳಿಸಿದರೂ ಮೇಲ್ ವಾಪಸ್ ಬರುವುದಿಲ್ಲ. ಒಳಟಿಪ್ಪಣಿಗೆ ಹಳದಿ ಹಿನ್ನೆಲೆ ಬರುತ್ತದೆ. ಹೊಸಬರಿಗೆ ಮೊದಲ ದಿನವೇ ಅದನ್ನು ತೋರಿಸಬೇಕು. ಇನ್ನೂ ಭದ್ರವಾದ ಪದ್ಧತಿಯೆಂದರೆ ಗ್ರಾಹಕನ ಬಗ್ಗೆ ಮಾತಾಡುವುದೇನಿದ್ದರೂ ಟಿಕೆಟಿನ ಹೊರಗೆ, ತಂತ್ರಾಂಶದ ಬಗ್ಗೆ ಇದ್ದರೆ ಮಾತ್ರ ಟಿಕೆಟಿನ ಒಳಗೆ.

ಉತ್ತರದ ಗಡುವನ್ನು ಎಣಿಸುವ ಗಡಿಯಾರ, ಅಂದರೆ ಎಸ್‌ಎಲ್‌ಎ, ಸರ್ವಿಸ್ ಮ್ಯಾನೇಜ್‌ಮೆಂಟಿನ ಜೀವ. ಆದರೆ ಮೊದಲಿಗೆ ಅದರಲ್ಲಿ ಇರುವುದು ದಿನದ 24 ಗಂಟೆಯ ಕ್ಯಾಲೆಂಡರ್. ಶುಕ್ರವಾರ ಸಂಜೆ 5:30ಕ್ಕೆ ಬಂದ ದೂರಿಗೆ 4 ಗಂಟೆಯ ಗಡುವಿದ್ದರೆ ಅದು ರಾತ್ರಿ 9:30ಕ್ಕೆ ಮೀರಿತೆಂದು ಕೆಂಪಾಗುತ್ತದೆ, ಆಗ ಕಚೇರಿಯಲ್ಲಿ ದೀಪವೂ ಇರುವುದಿಲ್ಲ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 9:30ರಿಂದ ಸಂಜೆ 6:30 ಎಂದು ಹೊಸ ಕ್ಯಾಲೆಂಡರ್ ಮಾಡಿ, ಸಮಯವಲಯವನ್ನು ಕೋಲ್ಕತಾ ಎಂದು ಆರಿಸಿ. ಆಗ ಅದೇ ದೂರಿನ ಗಡುವು ಶನಿವಾರ ಮಧ್ಯಾಹ್ನ 12:30 ಆಗುತ್ತದೆ. ನವೆಂಬರ್ 1, ಯುಗಾದಿ, ಆಯುಧಪೂಜೆ ಎಲ್ಲ ರಜೆಗಳನ್ನೂ ಕೈಯಾರೆ ಸೇರಿಸಬೇಕು. ತಾರೀಕು ಬದಲಾಗುವ ಹಬ್ಬಗಳನ್ನು ಪ್ರತಿ ವರ್ಷ ಮರುನಮೂದಿಸಬೇಕು, ಇದನ್ನು ಮರೆಯುವವರೇ ಹೆಚ್ಚು.

ಟಿಕೆಟ್ 'ಗ್ರಾಹಕರಿಗಾಗಿ ಕಾಯುತ್ತಿದೆ' ಸ್ಥಿತಿಗೆ ಹೋದಾಗ ಗಡಿಯಾರ ನಿಲ್ಲುವಂತೆ ಇಡುವುದು ನ್ಯಾಯವೇ. ಆದರೆ ಗ್ರಾಹಕನನ್ನು ಏನೂ ಕೇಳದೆ, ಗಡಿಯಾರ ನಿಲ್ಲಿಸಲೆಂದೇ ಟಿಕೆಟ್ಟನ್ನು ಅಲ್ಲಿಗೆ ತಳ್ಳುವುದು ಎಲ್ಲ ಕಡೆ ಶುರುವಾಗುತ್ತದೆ. ಟೀಮ್ ಲೀಡ್ ವಾರಕ್ಕೊಮ್ಮೆ ಆ ಸಾಲಿನ ಟಿಕೆಟ್‌ಗಳನ್ನು ತೆರೆದು, ಕೊನೆಯ ಸಾರ್ವಜನಿಕ ಉತ್ತರದಲ್ಲಿ ಪ್ರಶ್ನೆ ಇದೆಯೇ ಎಂದು ನೋಡಿದರೆ ಸಾಕು. ಇನ್ನೊಂದು ಕಿರಿಕಿರಿ: ಗ್ರಾಹಕ ಉತ್ತರಿಸಿದ ಕೂಡಲೇ ಟಿಕೆಟ್ ಮರಳಿ ತೆರೆಯುವ ನಿಯಮ. ಮುಗಿದ ಟಿಕೆಟಿಗೆ 'ಥ್ಯಾಂಕ್ಯೂ ಸರ್' ಎಂದು ಮೇಲ್ ಬಂದರೂ ಅದು ಎದ್ದು ಕೂರುತ್ತದೆ. ಮುಗಿದ ಸ್ಥಿತಿಯಲ್ಲಿ ಇರುವವಕ್ಕೆ ಈ ನಿಯಮ ತಾಗದಂತೆ ಷರತ್ತು ಹಾಕಿ, ಅಂಥ ಉತ್ತರಗಳನ್ನು ದಿನಕ್ಕೊಮ್ಮೆ ಕಣ್ಣಾಡಿಸಲು ಬೇರೆ ಸಾಲು ಮಾಡಿ.

ದೂರು ಬಗ್ ಎಂದು ಖಚಿತವಾದರೆ ಅದಕ್ಕೆ ಜೋಡಿಸಿದ ಹೊಸ ಬಗ್ ಡೆವಲಪರ್‌ಗಳ ಕಡೆ ತೆರೆಯಬೇಕು. ಟಿಕೆಟ್ಟನ್ನೇ ಆ ಕಡೆಗೆ ಸಾಗಿಸಬಾರದು, ಸಾಗಿಸಿದರೆ ಗ್ರಾಹಕನ ಕಡೆಯ ಸಂಭಾಷಣೆಯ ಎಳೆ ತುಂಡಾಗುತ್ತದೆ. ಹದಿನಾಲ್ಕು ಅಂಗಡಿಗಳಿಂದ ಒಂದೇ ತೊಂದರೆ ಬಂದರೆ ಹದಿನಾಲ್ಕು ಟಿಕೆಟ್, ಒಂದೇ ಬಗ್, ಹದಿನಾಲ್ಕು ಕೊಂಡಿ. ಯಾವ ಬಗ್ಗಿಗೆ ಹೆಚ್ಚು ಕೊಂಡಿಗಳಿವೆಯೋ ಅದು ಮುಂದಿನ ಪ್ಯಾಚಿಗೆ (ದೋಷ ತಿದ್ದಿದ ಸಣ್ಣ ಆವೃತ್ತಿಗೆ) ಹೋಗಬೇಕು ಎಂಬುದು ಮೀಟಿಂಗ್ ಇಲ್ಲದೆ ಗೊತ್ತಾಗುತ್ತದೆ. ಇದೊಂದಕ್ಕೇ ಜಿರಾಕ್ಕೆ ಕೊಟ್ಟ ಹಣ ಸಾರ್ಥಕ.

ಪ್ಯಾಚ್ ಹೊರಬಂದ ದಿನ ಆ ಹದಿನಾಲ್ಕು ಜನರಿಗೂ ತಾನಾಗಿ ತಿಳಿಸುವಂತೆ ಮಾಡಲು ಎರಡು ನಿಯಮಗಳು ಬೇಕು. ನಿಯಮದ ಒಂದು ಕವಲಿನೊಳಗೆ ಇನ್ನೊಂದು ಕವಲು ಹೆಣೆಯಲು ಬರುವುದಿಲ್ಲವಾದ್ದರಿಂದ ಒಂದೇ ನಿಯಮದಲ್ಲಿ ಮುಗಿಸಲಾಗದು. ಮೊದಲನೆಯದು: ಆವೃತ್ತಿ ರಿಲೀಸ್ ಆದಾಗ ಅದರಲ್ಲಿ ಸರಿಪಡಿಸಿದ ಬಗ್‌ಗಳನ್ನೆಲ್ಲ 'ರಿಲೀಸ್ ಆಗಿದೆ' ಸ್ಥಿತಿಗೆ ತರುವುದು. ಎರಡನೆಯದು: ಬಗ್ ಆ ಸ್ಥಿತಿಗೆ ಬಂದಾಗ ಕೊಂಡಿ ಇರುವ ಪ್ರತಿ ಟಿಕೆಟಿಗೂ, ಯಾವ ಆವೃತ್ತಿ ಇಳಿಸಿಕೊಳ್ಳಬೇಕೆಂದು ಗ್ರಾಹಕನಿಗೆ ಕಾಣುವ ಉತ್ತರ ಹಾಕುವುದು. ಎಲ್ಲ ಸರಿಯಿದ್ದೂ ಎರಡನೆಯದು ಓಡದಿದ್ದರೆ ಕಾರಣ ಬಹುಪಾಲು ಒಂದೇ. ಒಂದು ನಿಯಮ ಮಾಡಿದ ಬದಲಾವಣೆಯಿಂದ ಇನ್ನೊಂದು ನಿಯಮ ಓಡಲು, ಎರಡನೆಯದರ ವಿವರಗಳ ಪುಟದಲ್ಲಿ ಅನುಮತಿಯ ಚೌಕಕ್ಕೆ ಟಿಕ್ ಹಾಕಬೇಕು. ತಾನಾಗಿ ಅದು ಖಾಲಿಯಿರುತ್ತದೆ. ಎರಡು ನಿಯಮಗಳು ಒಂದನ್ನೊಂದು ಎಬ್ಬಿಸುತ್ತಾ ಸುತ್ತು ಹೊಡೆಯಬಾರದೆಂಬ ಎಚ್ಚರಿಕೆ ಅದು.

ಆಟೋಮೇಷನ್ನಿಗೆ ತಿಂಗಳ ಮಿತಿಯೂ ಇದೆ. ನಿಯಮ ಒಮ್ಮೆ ಓಡಿ ಕೆಲಸ ಮಾಡಿದರೆ ಒಂದು ಓಟ. ಹಣ ಕೊಡುವ ಸ್ಟ್ಯಾಂಡರ್ಡ್ ಪ್ಲಾನಿನಲ್ಲಿ ಜಿರಾಕ್ಕೆ 1,700 ಓಟ, ಸರ್ವಿಸ್ ಮ್ಯಾನೇಜ್‌ಮೆಂಟಿಗೆ 5,000. ಜನ ಎಷ್ಟಿದ್ದರೂ ಅಷ್ಟೇ. ಗಂಟೆಗೊಮ್ಮೆ ಓಡಿ ಪ್ರತಿ ಸಲವೂ ಏನಾದರೊಂದು ಮಾಡುವ ಒಂದೇ ನಿಯಮ ತಿಂಗಳಿಗೆ 720 ನುಂಗುತ್ತದೆ. ಮಿತಿ ಮುಗಿದರೆ ತಿಂಗಳು ತಿರುಗುವವರೆಗೆ ಆ ಉತ್ಪನ್ನದ ಎಲ್ಲ ನಿಯಮಗಳೂ ನಿಲ್ಲುತ್ತವೆ. 20ನೇ ತಾರೀಕಿನ ಹೊತ್ತಿಗೆ ಹಾಗಾದರೆ ತುರ್ತು ದೂರುಗಳಿಗೆ ದರ್ಜೆಯೇ ಬೀಳುವುದಿಲ್ಲ. 15ರಂದು ಬಳಕೆಯ ಪುಟ ನೋಡುವುದು ಅಡ್ಮಿನ್‌ನ ದಿನಚರಿಯಲ್ಲಿರಲಿ.

ಡೆವಲಪರ್‌ಗಳ ಕಡೆ ಗೊಂದಲ ಹುಟ್ಟುವುದು ಸಣ್ಣ ಎರಡು ವಿಷಯಗಳಿಂದ. ಕೆಲಸಗಳನ್ನು ಹಂತಹಂತದ ಕಾಲಮುಗಳಲ್ಲಿ ತೋರಿಸುವ ಬೋರ್ಡಿನಲ್ಲಿ ಬಲತುದಿಯ ಕಾಲಮಿಗೆ ಬಂದದ್ದನ್ನು ಮಾತ್ರ ಜಿರಾ ಮುಗಿದ ಕೆಲಸವೆಂದು ಲೆಕ್ಕ ಹಿಡಿಯುತ್ತದೆ. 'ಟೆಸ್ಟಿಂಗ್ ಮುಗಿದಿದೆ' ಎಂಬುದರ ಬಲಕ್ಕೆ 'ರಿಲೀಸ್ ಆಗಿದೆ' ಎಂಬ ಇನ್ನೊಂದು ಕಾಲಮ್ ಇಟ್ಟು, ರಿಲೀಸನ್ನು ಸ್ಪ್ರಿಂಟ್ ಮುಗಿದ ಮೇಲೆ ಮಾಡುವ ತಂಡವಿದ್ದರೆ ಎರಡು ವಾರವೂ ಬರ್ನ್‌ಡೌನ್ ಗೆರೆ (ಉಳಿದ ಕೆಲಸ ಇಳಿಯುವುದನ್ನು ತೋರಿಸುವ ಗೆರೆ) ನೆಟ್ಟಗೆ ಮಲಗಿರುತ್ತದೆ, ತಂಡ ಏನೂ ಮಾಡಿಲ್ಲವೆಂಬಂತೆ ಕಾಣುತ್ತದೆ. ಸ್ಪ್ರಿಂಟಿನ ಬೋರ್ಡಿನಲ್ಲಿ ಟೆಸ್ಟಿಂಗ್ ಮುಗಿದಲ್ಲಿಗೇ ಕಾಲಮ್ ನಿಲ್ಲಿಸಿ, 'ರಿಲೀಸ್ ಆಗಿದೆ' ಸ್ಥಿತಿಯನ್ನೂ ಅದೇ ಕೊನೆಯ ಕಾಲಮಿಗೆ ಸೇರಿಸಿ.

ಎರಡನೆಯದು 'ರೆಸಲ್ಯೂಷನ್' ಎಂಬ ಕಲಮು. ಸ್ಥಿತಿ ಬದಲಾದ ಮಾತ್ರಕ್ಕೆ ಅದು ತುಂಬುವುದಿಲ್ಲ. ಮುಗಿದ ಬಗ್ಗಿಗೂ ಅದು ಖಾಲಿ ಉಳಿದರೆ ವರದಿಗಳಲ್ಲಿ 'ಬಗೆಹರಿದಿಲ್ಲ' ಎಂದೇ ಬರುತ್ತದೆ. ಮರಳಿ ತೆರೆದ ಬಗ್ಗಿನಲ್ಲಿ ಅದು ಅಳಿಯದಿದ್ದರೆ ಬಾಕಿ ಪಟ್ಟಿಯಿಂದ ಮಾಯವಾಗುತ್ತದೆ. ಮುಗಿಸುವ ಹೆಜ್ಜೆಯಲ್ಲಿ ತುಂಬಿಸಿ, ಮರಳಿ ತೆರೆಯುವ ಹೆಜ್ಜೆಯಲ್ಲಿ ಖಾಲಿ ಮಾಡಿಸಿ. 'ಬಗೆಹರಿದಿಲ್ಲ' ಎಂಬ ಹೊಸ ಆಯ್ಕೆಯನ್ನು ಆ ಪಟ್ಟಿಗೆ ಸೇರಿಸಲೇಬೇಡಿ. ಅದರಲ್ಲಿ ಏನೇ ಬರೆದಿದ್ದರೂ ಜಿರಾ ಬಗೆಹರಿಯಿತೆಂದೇ ತಿಳಿಯುತ್ತದೆ.

ಸ್ಟೋರಿ ಪಾಯಿಂಟುಗಳನ್ನು (ಪ್ರತಿ ಕೆಲಸದ ಗಾತ್ರಕ್ಕೆ ತಂಡ ಅಂದಾಜಿನಿಂದ ಕೊಡುವ ಅಂಕ) ಕೂಡಿಸಿ ಒಬ್ಬೊಬ್ಬರನ್ನು ಅಳೆಯುವ ಮ್ಯಾನೇಜರುಗಳಿಗೆ ಜಿರಾದ ಚಾರ್ಟುಗಳು ಬಹಳ ಸುಲಭವಾಗಿ ಕೈಗೆ ಸಿಗುತ್ತವೆ. ಅಪ್ರೈಸಲ್‌ಗೆ ಅವನ್ನು ತಂದ ಮರುತಿಂಗಳಿಂದ 3 ಪಾಯಿಂಟಿನ ಕೆಲಸಕ್ಕೆ 8 ಬೀಳತೊಡಗುತ್ತದೆ, ಕಷ್ಟದ ಬಗ್‌ಗಳನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಕೋಡಿನೊಳಗೆ ಮೂರು ದಿನ ಹುಡುಕಿ ಒಂದು ಸಾಲು ತಿದ್ದಿದವರ ಶ್ರಮ ಯಾವ ಚಾರ್ಟಿನಲ್ಲೂ ಮೂಡುವುದಿಲ್ಲ. ಈ ಸಂಖ್ಯೆಗಳು ಒಂದು ತಂಡ ಮುಂದಿನ ಎರಡು ವಾರಕ್ಕೆ ಎಷ್ಟು ಒಪ್ಪಿಕೊಳ್ಳಬಹುದು ಎಂದು ಅಂದಾಜಿಸಲು ಮಾತ್ರ ಬರುತ್ತವೆ.

ಮೇಲ್‌ಗಳ ಸುರಿಮಳೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಪ್ರತಿ ಸಣ್ಣ ಬದಲಾವಣೆಗೂ ಸಂಬಂಧಪಟ್ಟವರೆಲ್ಲರಿಗೂ ಮೇಲ್ ಹೋಗುತ್ತದೆ, ಜನ ಅದನ್ನೆಲ್ಲ ಒಂದು ಫೋಲ್ಡರಿಗೆ ದೂಡಿ ಓದುವುದನ್ನೇ ಬಿಡುತ್ತಾರೆ. ಕೆಲಸ ನಿಮ್ಮ ಹೆಸರಿಗೆ ಬಂದಾಗ, ಯಾರಾದರೂ ಹೆಸರು ಹಿಡಿದು ಕರೆದಾಗ, ಟಿಪ್ಪಣಿ ಬಂದಾಗ ಮಾತ್ರ ಮೇಲ್ ಎಂದು ಅಡ್ಮಿನ್ ಇಳಿಸಬೇಕು.

ಜಿರಾಕ್ಕೆ ಸೇರಿಸಿಕೊಳ್ಳುವ ಆಪ್‌ಗಳನ್ನು ಮಾರುವ ಅಟ್ಲಾಸಿಯನ್ ಮಾರ್ಕೆಟ್‌ಪ್ಲೇಸಿನ ಆಪ್‌ಗಳ ಬಗ್ಗೆ ಹುಷಾರು. ಟೈಮ್‌ಶೀಟಿಗೆ, ಟೆಸ್ಟ್ ಕೇಸುಗಳಿಗೆ ಒಳ್ಳೆಯವು ಇವೆ, ಆದರೆ ಬೆಲೆ ಸೈಟಿನ ಒಟ್ಟು ಬಳಕೆದಾರರ ಮೇಲೆ. ನಾಲ್ಕು ಟೆಸ್ಟರ್‌ಗಳಷ್ಟೇ ಮುಟ್ಟುವ ಆಪ್‌ಗೂ ಅರವತ್ತು ಜನರ ಹಣ ಕೊಡಬೇಕು.

ಬ್ಯಾಕಪ್ ಜವಾಬ್ದಾರಿಯನ್ನು ಪೂರ್ತಿ ಅವರ ಮೇಲೆ ಬಿಡಬೇಡಿ. 2022ರ ಏಪ್ರಿಲ್ 5ರಂದು ಅಟ್ಲಾಸಿಯನ್ನಿನವರೇ ಓಡಿಸಿದ ಒಂದು ಸ್ಕ್ರಿಪ್ಟು ಹಳೆಯ ಆಪ್ ಒಂದನ್ನು ತೆಗೆಯಬೇಕಿತ್ತು. ಆಪ್‌ನ ಗುರುತುಸಂಖ್ಯೆಗಳ ಜಾಗದಲ್ಲಿ ಸೈಟುಗಳ ಗುರುತುಸಂಖ್ಯೆ ಕೊಟ್ಟಿದ್ದರಿಂದ ಸುಮಾರು 775 ಗ್ರಾಹಕರ ಸೈಟುಗಳೇ ಅಳಿಸಿಹೋದವು, ಕೆಲವು ಮರಳಿ ಬರಲು ಎರಡು ವಾರ ಹಿಡಿಯಿತು. ಅಷ್ಟು ದಿನ ಯಾರ ದೂರು ಎಲ್ಲಿದೆಯೆಂದು ಗೊತ್ತಿಲ್ಲದೆ ಸಪೋರ್ಟ್ ಡೆಸ್ಕ್ ನಡೆಸುವುದನ್ನು ಊಹಿಸಿಕೊಳ್ಳಿ. ಲಗತ್ತುಗಳ ಸಮೇತ ಬ್ಯಾಕಪ್ಪನ್ನು 48 ಗಂಟೆಗೊಮ್ಮೆ ಇಳಿಸಿಕೊಳ್ಳಲು ಅವಕಾಶವಿದೆ, ವಾರಕ್ಕೊಂದಾದರೂ ತೆಗೆದಿಡಿ. ಜೊತೆಗೆ ತೆರೆದ ಟಿಕೆಟುಗಳ ಪಟ್ಟಿ, ಗ್ರಾಹಕರ ಹೆಸರು, ಫೋನ್ ನಂಬರು ಇಷ್ಟನ್ನು ಪ್ರತಿ ಸಂಜೆ ಒಂದು ಶೀಟಿಗೆ ಇಳಿಸಿಟ್ಟರೆ ಕೆಟ್ಟ ದಿನದಲ್ಲೂ ಕೆಲಸ ಸಾಗುತ್ತದೆ.

ಐದಾರು ಜನರ ಕಂಪನಿಗೆ ಇದು ಭಾರ, ಹಂಚಿಕೊಂಡ ಒಂದು ಮೇಲ್‌ಬಾಕ್ಸ್ ಮತ್ತು ಶೀಟು ಸಾಕು. ಇಪ್ಪತ್ತೈದು ದಾಟಿದವರು ಸ್ಟ್ಯಾಂಡರ್ಡ್ ಪ್ಲಾನಿನಿಂದ ಶುರುಮಾಡಲಿ. ಪ್ರಯೋಗಕ್ಕೆ ಪ್ರತ್ಯೇಕ ಸ್ಯಾಂಡ್‌ಬಾಕ್ಸ್ ಬೇಕೆನಿಸಿದಾಗ, ಇಲ್ಲವೇ ಆಟೋಮೇಷನ್ ಮಿತಿ ಎರಡು ತಿಂಗಳು ಸತತ ಮುಗಿದಾಗ ಪ್ರೀಮಿಯಂ ಯೋಚಿಸಬಹುದು. ಅಡ್ಮಿನ್ ಹಕ್ಕು ಇಬ್ಬರಿಗಷ್ಟೇ ಇರಲಿ: ಸಪೋರ್ಟಿನಿಂದ ಒಬ್ಬರು, ಡೆವಲಪ್‌ಮೆಂಟಿನಿಂದ ಒಬ್ಬರು. ಹೊಸ ಕಲಮು, ಹೊಸ ಸ್ಥಿತಿ ಏನೇ ಬೇಕೆಂದರೂ ಇಬ್ಬರೂ ಒಪ್ಪಬೇಕು. ಶುರು ಮಾಡುವ ದಿನವನ್ನು 21ನೇ ತಾರೀಕಿಗೆ ಇಟ್ಟುಕೊಳ್ಳಿ, ಮುಂದಿನ 9ರೊಳಗೆ ಎಲ್ಲರ ಕೈ ಕುದುರಿರುತ್ತದೆ.